ಅಳತೆ ಮಗೂದೋ, ಅಂಗಡೀದೋ?

"ನಾಳೆ ಬೆಳಗ್ಗೆ ಒಂಬತ್ತೂವರೆಗೆ ಮುಹೂರ್ತ ಅಂತೀರಿ. ಇವತ್ತು ಸಂಜೆ ಆರಕ್ಕೆ ಲಂಗ ತಂದು ಮಶೀನಿನ ಮೇಲೆ ಇಡ್ತೀರಿ. ನಾನೇನು ಟೇಲರೋ, ಮಂತ್ರವಾದಿಯೋ ಅಕ್ಕಾ?"

ಈ ಮಾತು ಕಿವಿಗೆ ಬಿದ್ದದ್ದು ನಮ್ಮ ದಾವಣಗೆರೆಯ ಚೌಕಿಪೇಟೆ ಕಡೆ, ಬಟ್ಟೆ ಅಂಗಡಿಯೊಂದರ ಪಕ್ಕದ ಫುಟ್‌ಪಾತಿನ ಮೇಲೆ. ತಲೆಯ ಮೇಲೆ ಒಂದು ತಗಡು, ಕೆಳಗೆ ಕಾಲಿನಿಂದ ತುಳಿಯುವ ಮಶೀನು, ಪಕ್ಕಕ್ಕೊಂದು ಸ್ಟೂಲು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಹತ್ತಾರು ಬಣ್ಣದ ದಾರದ ಉಂಡೆಗಳು. ಬೋರ್ಡು ಅಂತ ಇಲ್ಲ. ರಟ್ಟಿನ ತುಂಡಿನ ಮೇಲೆ 'ಇಲ್ಲಿ ಆಲ್ಟ್ರೇಷನ್ ಮಾಡಲಾಗುವುದು' ಎಂದು ಪೆನ್ನಿನಲ್ಲಿ ಬರೆದು ನೇತುಹಾಕಿದ್ದಾರೆ. ಅಷ್ಟೇ ಇವರ ಕಾರ್ಖಾನೆ. ನಾನು ಹೋಗಿದ್ದು ಕೆಟ್ಟ ಜಿಪ್ಪೊಂದನ್ನು ಬದಲಾಯಿಸಲು. ಎರಡೂವರೆ ತಾಸು ಅಲ್ಲೇ ನಿಂತೆ. ಜಿಪ್ಪಿನ ಕಥೆ ಕೊನೆಗೆ ಹೇಳುತ್ತೇನೆ.

ಲಂಗ ತಂದ ಹೆಣ್ಣುಮಗಳು ಜಗಳೂರು ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು. ಜೊತೆಯಲ್ಲಿ ಎಂಟು ವರ್ಷದ ಮಗಳು. ನಾಳೆ ಸೋದರಮಾವನ ಮದುವೆ, ಈ ಹುಡುಗಿಯೇ ಕಳಸಗಿತ್ತಿ. ಕಳಸಗಿತ್ತಿ ಅಂದರೆ ಗೊತ್ತಲ್ಲ? ಮದುವೆಮನೆಯಲ್ಲಿ ಮದುಮಕ್ಕಳ ಪಕ್ಕದಲ್ಲಿ ಎರಡೂ ಕೈಯಲ್ಲಿ ಕಳಸ ಹಿಡಿದು ನಿಲ್ಲುವ ಪುಟ್ಟ ದೊಡ್ಡಮನುಷ್ಯಳು. ಫೋಟೋ, ವಿಡಿಯೋ ಎಲ್ಲದರಲ್ಲೂ ಇರುತ್ತಾಳೆ. ಮೊಣಕಾಲಿನ ತನಕ ಬರುವ ಲಂಗ ಹಾಕಿಕೊಂಡು ನಿಂತರೆ ಜನ್ಮಪೂರ್ತಿ ಆಲ್ಬಂನಲ್ಲಿ ಹಾಗೇ ನಿಂತಿರುತ್ತಾಳೆ.

ಲಂಗ ಚೆನ್ನಾಗಿತ್ತು. ಒಳ್ಳೇ ರೇಷ್ಮೆ, ಅಂಗೈ ಅಗಲದ ಜರಿ ಅಂಚು. ಆರು ವರ್ಷದ ಹಿಂದೆ ಅಕ್ಕನಿಗೆ ಹೊಲಿಸಿದ್ದು. ಅಕ್ಕನಿಗೀಗ ಹದಿಮೂರು. ಮೂರು ವರ್ಷದ ಹಿಂದೆ ಮನೆಯಲ್ಲೊಂದು ನಾಮಕರಣ ಬಂತು. ಆಗ ಐದು ವರ್ಷದವಳಾಗಿದ್ದ ಈ ಚಿಕ್ಕವಳಿಗೆ ಅಂತ ಯಾರೋ ಅದನ್ನು ಗಿಡ್ಡ ಮಾಡಿಕೊಟ್ಟರು. ಹೇಗೆ ಮಾಡಿದರು? ಸೊಂಟದ ಕಡೆಯಿಂದ ಐದು ಇಂಚು ಬಟ್ಟೆಯನ್ನು ಕತ್ತರಿಯಲ್ಲಿ ಹಾರಿಸಿ, ಮತ್ತೆ ನೆರಿಗೆ ಹಿಡಿದು ಪಟ್ಟಿ ಕೂರಿಸಿದರು. ಆವತ್ತಿಗೆ ಸರಿಯಾಯಿತು. ಈವತ್ತು ನಾಲ್ಕು ಇಂಚು ಸಾಲದು.

ಟೇಲರು ಲಂಗವನ್ನು ಒಳಮುಖ ಮಾಡಿ, ಬೆಳಕಿಗೆ ಹಿಡಿದು ನೋಡಿದರು.

"ಕತ್ತರಿಸಿದ ತುಂಡು ಎಲ್ಲೈತಿ ಅಕ್ಕಾ?"

"ಅದಾ... ಎಲ್ಲೋ ಹೋತಣ್ಣ. ಆವಾಗ್ಲೇ ಗೊಂಬೆಗೆ ಸೀರೆ ಉಡಿಸೇನಿ ಅಂತ ದೊಡ್ಡಾಕಿ ಇಸ್ಕೊಂಡ್ಲು."

ಟೇಲರು ನನ್ನ ಕಡೆ ನೋಡಿದರು. "ಕೇಳಿದ್ರಾ ಸಾರ್? ಗೊಂಬೆ ಸೀರೆಗೆ ಹೋತಂತೆ. ಮಡಿಕೆ ಹಿಡಿದಿದ್ರೆ ಇವತ್ತು ಐದು ನಿಮಿಷದ ಕೆಲ್ಸ. ಹೊಲಿಗೆ ಬಿಚ್ಚೋದು, ಇಸ್ತ್ರಿ ಹೊಡೆಯೋದು, ಮುಗೀತು."

ಮಡಿಕೆಯೊಳಗಿನ ಉಳಿತಾಯ

ನಮ್ಮ ಅಜ್ಜಿಯರ ಕಾಲದ ಹೆಣ್ಣುಮಕ್ಕಳ ಲಂಗ ನೋಡಿದವರಿಗೆ ನೆನಪಿರಬೇಕು. ಅಂಚಿನ ಮೇಲ್ಗಡೆ ಸುತ್ತಲೂ ಒಂದು, ಎರಡು, ಕೆಲವಕ್ಕೆ ಮೂರು ಮಡಿಕೆ. ನೋಡೋರಿಗೆ ಅದೂ ಒಂದು ಅಲಂಕಾರ. ಆದರೆ ಅದು ಅಲಂಕಾರಕ್ಕೆ ಹಿಡಿದದ್ದಲ್ಲ, ಮನೆಯವರ ಲೆಕ್ಕಾಚಾರ. ಒಂದಿಂಚಿನ ಮಡಿಕೆಯೊಳಗೆ ಎರಡಿಂಚು ಬಟ್ಟೆ ಕೂತಿರುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್, ಎಂದರೆ ಎರಡಿಂಚಿನ ಮೇಲೆ ಚೂರು, ಎತ್ತರ ಬೆಳೆಯುತ್ತದೆ. ಅದರಲ್ಲಿ ದೊಡ್ಡ ಪಾಲು ಕಾಲಿನದೇ. ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಾ ಹೋದರೆ ಒಂದು ರೇಷ್ಮೆ ಲಂಗ ಮೂರು ಯುಗಾದಿ ಕಾಣುತ್ತದೆ. ಆಮೇಲೆ ಅದು ತಂಗಿಗೆ, ಅಲ್ಲಿಂದ ಚಿಕ್ಕಪ್ಪನ ಮಗಳಿಗೆ. ಡಾಕ್ಟರು ಚಾರ್ಟು ಹಾಕಿ ಹೇಳುವ ಲೆಕ್ಕವನ್ನು ಅಜ್ಜಿ ಬೆರಳಿನ ಗೆಣ್ಣಿನಲ್ಲಿ ಅಳೆದಿದ್ದಳು.

ಜಂಪರಿಗೂ ಅದೇ ಬುದ್ಧಿ. ಎರಡೂ ಬದಿಯ ಹೊಲಿಗೆಯೊಳಗೆ ಬಟ್ಟೆ ಬಿಟ್ಟು, ತೋಳಿನೊಳಗೆ ಬಿಟ್ಟು, ಕೆಳಗೆ ಅಗಲವಾಗಿ ಮಡಿಸಿ ಹೊಲಿಯೋರು. ಹೊರಗಿನಿಂದ ನೋಡಿದರೆ ಮೈಗೆ ಅಂಟಿದ ಹಾಗೆ ಅಂದವಾಗಿ ಕೂತಿರುತ್ತದೆ. ಒಳಗೆ ನೋಡಿದರೆ ಎರಡು ವರ್ಷಕ್ಕಾಗುವಷ್ಟು ದಾಸ್ತಾನು. ನಮ್ಮೂರಿನ ಸಿಂಪಿಗರು ಹೊಸ ಹುಡುಗನನ್ನು ಕೆಲಸಕ್ಕೆ ಕೂರಿಸಿಕೊಂಡಾಗ ಮೊದಲು ಹೇಳಿಕೊಡುತ್ತಿದ್ದ ಪಾಠವೇ ಮಕ್ಕಳ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಒಳಗೆ ಎಷ್ಟು ಬಿಡಬೇಕು ಎನ್ನುವುದು.

ಈಗಿನ ಸಿದ್ಧ ಉಡುಪಿನ ಒಳಗನ್ನು ಒಮ್ಮೆ ತಿರುಗಿಸಿ ನೋಡಿ. ಹೊಲಿಗೆಯಾಚೆಗೆ ಕಾಲಿಂಚು ಬಟ್ಟೆ, ಅದನ್ನೂ ಓವರ್‌ಲಾಕ್ ಮಶೀನು ಅಂಚಿಗಂಟಿಕೊಂಡು ಕೊಯ್ದು ಹೊಲಿದಿರುತ್ತದೆ. ಬಿಚ್ಚಲು ಏನೂ ಇಲ್ಲ. ಸಾವಿರಾರು ಪೀಸು ಒಟ್ಟಿಗೆ ಕತ್ತರಿಸುವವನಿಗೆ ಪೀಸಿಗೆ ಎರಡಿಂಚು ಬಟ್ಟೆ ಉಳಿದರೂ ಥಾನುಗಟ್ಟಲೆ ಲಾಭ. ಅವನ ವ್ಯಾಪಾರ ಅವನದು. ಆದರೆ ಕೊಂಡ ನಮಗೆ ಸಿಗುವುದು ಒಂದೇ ದಾರಿಯ ಬಟ್ಟೆ: ಹಿಡಿಸಬಹುದು, ಬಿಡಿಸಲಾಗದು. ಅದಕ್ಕೇ ನಮ್ಮವರು ಎರಡು ಸೈಜು ದೊಡ್ಡದು ತಂದು ಹಿಡಿಸಲು ಹೊರಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಭುಜ ತಪ್ಪಿದರೆ ಎಲ್ಲಾ ತಪ್ಪಿತು

ಲಂಗದ ಮಾತು ನಡೆಯುತ್ತಿದ್ದಾಗಲೇ ಸ್ಕೂಟರು ನಿಲ್ಲಿಸಿ ಒಬ್ಬರು ಬಂದರು. ಕೈಯಲ್ಲಿ ಅಂಗಡಿಯ ಹೊಳೆಯುವ ಚೀಲ, ಹಿಂದೆ ಆರು ವರ್ಷದ ಮಗ. ಸ್ಕೂಲ್ ಡೇಗೆ ಕೋಟು, ಪ್ಯಾಂಟು, ಒಳಗೊಂದು ವೇಸ್ಟ್‌ಕೋಟು, ಕೊರಳಿಗೆ ಬೋ. ಬಿಲ್ಲು ಮೂರು ಸಾವಿರದ ಮೇಲೆ. ಹುಡುಗನಿಗೆ ತೊಡಿಸಿದರು. ಭುಜದ ಹೊಲಿಗೆ ತೋಳಿನ ಮೇಲೆ ಎರಡಿಂಚು ಕೆಳಗೆ ಇಳಿದಿತ್ತು. ತೋಳು ಬೆರಳ ತುದಿ ದಾಟಿತ್ತು. ಹುಡುಗ ಕೋಟಿನೊಳಗೆ ಎಲ್ಲಿದ್ದಾನೆ ಅಂತ ಹುಡುಕಬೇಕು.

"ಬೆಳೆಯೋ ಹುಡುಗ, ಮುಂದಿನ ವರ್ಷಕ್ಕೂ ಆಗ್ಲಿ ಅಂತ ದೊಡ್ಡದೇ ತಗೊಂಡ್ವಿ. ಸ್ವಲ್ಪ ಫಿಟ್ಟಿಂಗ್ ಮಾಡ್ಕೊಡ್ರಿ. ಅಂಗಡಿಯವ್ರು ಐವತ್ತು ರೂಪಾಯಿ ಕೆಲ್ಸ ಅಂದ್ರು."

ಟೇಲರು ಟೇಪು ಕೂಡ ಮುಟ್ಟಲಿಲ್ಲ. ಹುಡುಗನ ಭುಜದ ಮೂಳೆ ಮುಗಿಯುವ ಜಾಗದ ಮೇಲೆ ಬೆರಳಿಟ್ಟು, ಕೋಟಿನ ಹೊಲಿಗೆ ಇರುವ ಜಾಗದ ಮೇಲೆ ಇನ್ನೊಂದು ಬೆರಳಿಟ್ಟರು. "ಈ ಬೆರಳು ಆ ಬೆರಳ ಹತ್ರ ಬರ್ಬೇಕು ಸಾರ್. ಅಂದ್ರೆ ಎರಡೂ ತೋಳು ಕಿತ್ತು, ಒಳಗಿನ ಲೈನಿಂಗ್ ಬಿಚ್ಚಿ, ಭುಜ ಕಡಿಮೆ ಮಾಡಿ, ಕಂಕುಳ ಸುತ್ತು ಮತ್ತೆ ಕತ್ತರಿಸಿ, ತೋಳು ಮತ್ತೆ ಕೂರಿಸ್ಬೇಕು. ಐವತ್ತು ಅಂದೋರ ಕೈಲೇ ಮಾಡಿಸ್ಕೊಳ್ರಿ."

ಇಲ್ಲಿ ಓದುಗರು ಒಂದು ವಿಷಯ ಗಂಟು ಹಾಕಿಟ್ಟುಕೊಳ್ಳಬೇಕು. ಮಕ್ಕಳ ಬಟ್ಟೆಯಲ್ಲಿ ಸುಲಭವಾಗಿ ಸರಿಹೋಗುವುದು ಯಾವುದು, ಹೋಗದ್ದು ಯಾವುದು ಎಂದು ಅಂಗಡಿಯಲ್ಲೇ ತಿಳಿಯಬಹುದು. ಉದ್ದ ಹೆಚ್ಚಿದ್ದರೆ ಚಿಂತೆಯಿಲ್ಲ. ಸೊಂಟ, ಬದಿ ಸಡಿಲವಿದ್ದರೆ ಚಿಂತೆಯಿಲ್ಲ. ಭುಜ ಮಾತ್ರ ಮಗುವಿನ ಭುಜದ ಮೇಲೇ ಕೂರಬೇಕು. ಭುಜ ಇಳಿದ ಬಟ್ಟೆಯ ಬದಿಯನ್ನು ಎಷ್ಟು ಹಿಡಿದರೂ ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತದೆ, ಕೈಯೆತ್ತಿದರೆ ಇಡೀ ಕೋಟು ಕಿವಿಯ ತನಕ ಮೇಲೆ ಬರುತ್ತದೆ. ಭಾಷಣಕ್ಕೆ ನಿಂತ ಹುಡುಗ 'ಮಾನ್ಯ ಅಧ್ಯಕ್ಷರೇ' ಎಂದು ಕೈ ಎತ್ತಿದ ಕೂಡಲೇ ಸಭೆ ನಗುತ್ತದೆ. ನಕ್ಕದ್ದು ಕೋಟಿಗೆ ಅಂತ ಹುಡುಗನಿಗೇನು ಗೊತ್ತು?

ಕೋಟಿನ ತೋಳಿನದೂ ಒಂದು ಸೂಕ್ಷ್ಮ. ಮಣಿಕಟ್ಟಿನ ಬಳಿ ಅಂದಕ್ಕೆ ಹಾಕಿದ ಗುಂಡಿಗಳಿದ್ದರೆ ಅವನ್ನು ಕಿತ್ತು ಮೇಲೆ ಸರಿಸಿ ಒಂದಿಂಚು ಒಳಗೆ ಮಡಿಸಬಹುದು. ಕತ್ತರಿಸುವುದು ಬೇಡ, ಬರುವ ವರ್ಷ ಅದೇ ಒಂದಿಂಚು ಮತ್ತೆ ಇಳಿಸಬಹುದು. ಪ್ಯಾಂಟಿನ ಸೊಂಟವನ್ನು ಹಿಂದಿನ ನಡುಹೊಲಿಗೆಯಲ್ಲಿ ಹಿಡಿಯುತ್ತಾರೆ. ಎರಡಿಂಚಿಗಿಂತ ಹೆಚ್ಚು ಹಿಡಿದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಮುತ್ತಿಕ್ಕುತ್ತವೆ! ಅದಕ್ಕಿಂತ ಪಟ್ಟಿಯ ಒಳಗೆ ಸಾಲಾಗಿ ಕಾಜಾ ಇರುವ ಎಲಾಸ್ಟಿಕ್ ಹಾಕಿಸಿ, ಎರಡು ಬದಿ ಚಿಕ್ಕ ಗುಂಡಿ ಕೂರಿಸಿದರೆ ಆಯಿತು. ಮಗು ಬೆಳೆದ ಹಾಗೆ ಒಂದೊಂದೇ ಕಾಜಾ ಸಡಿಲ ಬಿಡುತ್ತಾ ಹೋಗಬಹುದು. ಕಾಲಿನ ಉದ್ದವನ್ನೂ ಅಷ್ಟೆ, ಕತ್ತರಿಸದೆ ಎರಡಿಂಚು ಮೂರಿಂಚು ಒಳಗೆ ಮಡಿಸಿ ಕೈಹೊಲಿಗೆ ಹಾಕಿಸಿ. ಮಡಿಕೆ ಇಳಿಸಿದಾಗ ಹಳೇ ಗೆರೆ ಉಳಿಯುತ್ತದೆ ಅನ್ನುವವರು ನೀರಿಗೆ ಚೂರು ವಿನೆಗರ್ ಬೆರೆಸಿ ಬಟ್ಟೆ ಒದ್ದೆ ಮಾಡಿ, ಅದನ್ನು ಗೆರೆಯ ಮೇಲೆ ಹಾಸಿ ಇಸ್ತ್ರಿ ಒತ್ತುತ್ತಾರೆ. ಪ್ಯಾಂಟಿನ ಬಟ್ಟೆಗೆ ಬಹುಮಟ್ಟಿಗೆ ಹೋಗುತ್ತದೆ. ಯಾವುದಕ್ಕೂ ಒಳಗಿನ ಮೂಲೆಯಲ್ಲಿ ಒಮ್ಮೆ ಪ್ರಯೋಗ ಮಾಡಿ ನೋಡಿ. ರೇಷ್ಮೆಗೆ ಈ ಸಾಹಸ ಬೇಡ, ಬರೀ ನೀರು ಬಿದ್ದರೂ ಕಲೆ ಹಿಡಿಯುವ ಜಾತಿ ಅದು.

ಕೋಟಿನ ಯಜಮಾನರಿಗೆ ಟೇಲರು ಕೊಟ್ಟ ಸಲಹೆ ಬೇರೆಯೇ. "ಬಿಲ್ಲು ಇದೆಯಲ್ಲ? ಟ್ಯಾಗ್ ಕಿತ್ತಿಲ್ವಲ್ಲ? ಹೋಗಿ ಒಂದು ಸೈಜು ಚಿಕ್ಕದು ಬದಲಾಯಿಸ್ಕೊಂಡು ಬರ್ರಿ. ತೋಳು, ಕಾಲು ನಾನು ನೋಡ್ಕೋತೀನಿ." ತನಗೆ ಬರಬಹುದಾಗಿದ್ದ ನಾನ್ನೂರು ಐನೂರರ ಕೆಲಸವನ್ನು ಹೀಗೆ ವಾಪಸ್ಸು ಕಳಿಸಿದ್ದನ್ನು ಕಣ್ಣಾರೆ ಕಂಡೆ. ಯಜಮಾನರು ಗೊಣಗುತ್ತಾ ಸ್ಕೂಟರು ತಿರುಗಿಸಿದರು.

ಹಟ ಅಲ್ಲ, ಚುಚ್ಚುತ್ತದೆ

ಈಗ ಹೆಣ್ಣುಮಕ್ಕಳ ಫ್ರಾಕಿನ ವಿಷಯಕ್ಕೆ ಬರೋಣ. ಬರ್ತ್‌ಡೇಗೆ, ರಿಸೆಪ್ಷನ್ನಿಗೆ, ಕ್ರೈಸ್ತರ ಮನೆಗಳಲ್ಲಿ ಮೊದಲ ಪರಮಪ್ರಸಾದಕ್ಕೆ ಎಲ್ಲಕ್ಕೂ ನೆಟ್ ಬಟ್ಟೆಯ, ನಾಲ್ಕೈದು ಪದರದ ಉದ್ದ ಗೌನು. ನೋಡಲು ದೇವತೆ. ಅರ್ಧ ಗಂಟೆಯೊಳಗೆ ಆ ದೇವತೆ ಅಳಲು ಶುರು. 'ಹಟಮಾರಿ, ನಾಲ್ಕು ಜನರ ಮುಂದೆ ಮಾನ ಕಳೀತಾಳೆ' ಅಂತ ಅಮ್ಮ ತೊಡೆ ಚಿವುಟುತ್ತಾಳೆ. ಆ ಫ್ರಾಕಿನ ಕಂಕುಳ ಜಾಗಕ್ಕೆ ಅಮ್ಮ ತನ್ನ ಕೈಯನ್ನೊಮ್ಮೆ ತೂರಿಸಿ ನೋಡಲಿ. ಚಮಕಿಯ ಚೂರುಗಳು, ನೆಟ್ಟಿನ ಕೊಯ್ದ ಅಂಚು, ಪ್ಲಾಸ್ಟಿಕ್ ದಾರದ ತುದಿ. ಗರಗಸ! ಅಲ್ಲಿಗೆ ಎರಡು ಬೆರಳಗಲದ ಹಳೇ ಮಲ್ ಬಟ್ಟೆಯ ಪಟ್ಟಿ ಕೂರಿಸಿದರೆ ಹಟ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ.

ಇಂಥ ಗೌನಿನ ಉದ್ದ ಕಡಿಮೆ ಮಾಡುವುದು ಜನ ಹೆದರುವಷ್ಟು ಕಷ್ಟವಲ್ಲ. ನೆಟ್ ಬಟ್ಟೆಯ ಅಂಚು ಎಳೆ ಬಿಡುವುದಿಲ್ಲ. ಹೊಲಿಗೆಯೇ ಬೇಡ, ಕತ್ತರಿಯಲ್ಲಿ ಸುತ್ತ ಸಮ ಮಾಡಿದರೆ ಸಾಕು. ಒಳಗಿನ ಸ್ಯಾಟಿನ್ ಮಾತ್ರ ಮಡಿಸಿ ಹೊಲಿಯಬೇಕು, ಅದು ನೆಟ್ಟಿಗಿಂತ ಒಂದಿಂಚು ಮೇಲಿರಬೇಕು. ಆದರೆ ಕೆಳಗೆ ಕಸೂತಿ, ಜರಿ ಅಂಚು ಇದ್ದರೆ ಕೆಳಗಿನಿಂದ ಮುಟ್ಟಬಾರದು. ಸೊಂಟದ ಹೊಲಿಗೆ ಬಿಚ್ಚಿ ಮೇಲಕ್ಕೆ ಎತ್ತಬೇಕು. ಎತ್ತಿದ್ದನ್ನು ಒಳಗೆ ಉಳಿಸಬೇಕು. ಬೆನ್ನಿಗೆ ಜಿಪ್ಪು ಇದ್ದರೆ ಆ ಕಡೆ ಕೈ ಹಾಕದೆ ಎಡಬಲ ಬದಿಗಳಲ್ಲಿ ಸಮಸಮ ಹಿಡಿಯಬೇಕು. ಒಂದೇ ಬದಿ ಹಿಡಿದರೆ ಕೊರಳು ಓರೆಯಾಗುತ್ತದೆ.

ಇನ್ನು ನಮ್ಮಲ್ಲಿ 'ಆಲ್ಟ್ರೇಷನ್' ಅಂದರೆ ಬಹಳ ಜನಕ್ಕೆ ಅರ್ಥ ಪಿನ್ನು. ಹಿಂದೆ ನಾಲ್ಕು ಪಿನ್ನು ಚುಚ್ಚಿ ಮಗುವನ್ನು ಮಂಟಪಕ್ಕೆ ಕಳಿಸುವುದು. ಕುಣಿಯುವ ಮಗುವಿನ ಬೆನ್ನಲ್ಲಿ ಪಿನ್ನು ಬಿಚ್ಚಿಕೊಂಡರೆ ಏನಾದೀತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನೆಲ ಗುಡಿಸುವ ಗೌನು ಹಾಕಿಕೊಂಡ ಮಗು ಮಂಟಪದ ಮೆಟ್ಟಿಲಲ್ಲಿ ಮುಗ್ಗರಿಸುತ್ತದೆ, ದೀಪದ ಕಂಬದ ಪಕ್ಕ ನಿಲ್ಲುತ್ತದೆ. ಆ ನೆಟ್ಟು ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವ ಬಟ್ಟೆ. ಉದ್ದ ಪಾದದ ಗೆಣ್ಣಿನ ಮೇಲಿರಲಿ ಅಂತ ಟೇಲರು ಹೇಳಿದರೆ 'ಗಿಡ್ಡ ಆಯ್ತು' ಎಂದು ಅವರ ಮೇಲೆ ರೇಗಬೇಡಿ. ಅಳತೆ ಕೊಡುವಾಗ ಅವತ್ತು ಹಾಕುವ ಚಪ್ಪಲಿ, ಬೂಟನ್ನೇ ಹಾಕಿಸಿಕೊಂಡು ಹೋಗಿ. ಬರಿಗಾಲಲ್ಲಿ ಕೊಟ್ಟ ಅಳತೆ ಎತ್ತರದ ಹಿಮ್ಮಡಿಗೆ ಬರುವುದಿಲ್ಲ. 'ಮಗು ಮನೇಲೈತಿ, ಅಂದಾಜಿಗೆ ಮಾಡ್ರಿ' ಅನ್ನುವವರಿಗೆ ಈ ಟೇಲರು ಬಟ್ಟೆ ವಾಪಸ್ಸು ಕೊಡುತ್ತಾರೆ.

ಅಂಗಡಿಯವರಿಗೆ ಒಂದು ಮಾತು

ಕಹಿಯಾದರೂ ಹೇಳಿಬಿಡುತ್ತೇನೆ. ಈ ಪತ್ರಿಕೆ ಓದುವವರಲ್ಲಿ ಬಟ್ಟೆ ವ್ಯಾಪಾರಿಗಳೂ ಇದ್ದಾರೆ. ಕೌಂಟರಿನ ಹುಡುಗ ದೊಡ್ಡ ಸೈಜು ತೆಗೆದುಕೊಟ್ಟು 'ತಗೊಂಡು ಹೋಗಿ, ಐವತ್ತು ರೂಪಾಯಲ್ಲಿ ಫಿಟ್ಟಿಂಗ್ ಆಗುತ್ತೆ' ಅಂದಾಗ, ಆ ಐವತ್ತು ರೂಪಾಯಿಯ ದರ ನಿಗದಿ ಮಾಡಿದವರು ಯಾರು? ಹೊಲಿಯುವವನಂತೂ ಅಲ್ಲ. ಬಿಲ್ಲಿನ ಮೂರು ಸಾವಿರಕ್ಕೆ ಚೌಕಾಸಿ ಮಾಡದ ಗಿರಾಕಿ ಫುಟ್‌ಪಾತಿಗೆ ಬಂದು ನೂರಿಪ್ಪತ್ತಕ್ಕೆ ಜಗಳ ಆಡುತ್ತಾನೆ. ಸೈಜು ಇಲ್ಲದಿದ್ದರೆ ಇಲ್ಲ ಅನ್ನಿ. ಭುಜ ಸರಿಯಿಲ್ಲ, ಬೇಡ ಅನ್ನಿ. ಒಂದು ಬಿಲ್ಲು ಹೋದೀತು. ಮುಂದಿನ ಮದುವೆಗೆ ಅದೇ ಮನೆಯವರು ಹತ್ತು ಬಿಲ್ಲು ಮಾಡುತ್ತಾರೆ. ಇನ್ನು 'ಉಚಿತ ಆಲ್ಟ್ರೇಷನ್' ಅಂತ ಬೋರ್ಡು ಹಾಕಿದವರೂ ಉಂಟು. ಉಚಿತ ಗಿರಾಕಿಗೆ, ಸರಿ. ಮಾಳಿಗೆಯ ಮೇಲೆ ಕೂತು ಮಶೀನು ತುಳಿಯುವವನಿಗೆ ಪೀಸಿಗೆ ಎಷ್ಟು ಎಂದು ಗಿರಾಕಿ ಕೇಳುವುದಿಲ್ಲ, ಮಾಲೀಕರು ಹೇಳುವುದಿಲ್ಲ.

ನಮ್ಮ ಈ ಫುಟ್‌ಪಾತ್ ಟೇಲರಿಗೆ ಅಷ್ಟೂ ಭದ್ರತೆಯಿಲ್ಲ. 'ಇಲ್ಲಿಂದ ಏಳು' ಅಂತ ಯಾವಾಗ ಬೇಕಾದರೂ ಯಾರು ಬೇಕಾದರೂ ಹೇಳುತ್ತಾರಂತೆ. ಬೀದಿ ವ್ಯಾಪಾರಿಗಳ ಕಾಯ್ದೆ ಗೊತ್ತೇ ಅಂತ ಕೇಳಿದೆ. "ಅದು ತರಕಾರಿ ಗಾಡಿಯವರಿಗಲ್ವಾ ಸಾರ್?" ಅಂದರು. ಅಲ್ಲ. 2014ರ ಆ ಕೇಂದ್ರ ಕಾಯ್ದೆ ಬೀದಿಯಲ್ಲಿ ಸಾಮಾನು ಮಾರುವವರ ಜೊತೆಗೆ ಸಾರ್ವಜನಿಕರಿಗೆ ಸೇವೆ ಕೊಡುವವರನ್ನೂ ಸೇರಿಸಿಯೇ ಬೀದಿ ವ್ಯಾಪಾರಿ ಎನ್ನುತ್ತದೆ. ಫುಟ್‌ಪಾತಿನಲ್ಲಿ ಕೂತು ಹೊಲಿಯುವವನದು ಸೇವೆಯಲ್ಲದೆ ಮತ್ತೇನು? ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು, ಎಬ್ಬಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು ಎಂದೆಲ್ಲ ಅದರಲ್ಲಿದೆ. ಇವರ ಬಳಿ ಪ್ರಮಾಣಪತ್ರ ಇಲ್ಲ. ಹಾಗೇ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ, 15,000 ರೂಪಾಯಿಯವರೆಗಿನ ಸಲಕರಣೆಗೆ ಸಹಾಯ, ಶೇಕಡಾ 5ರ ಬಡ್ಡಿಯಲ್ಲಿ ಮೊದಲಿಗೆ 1 ಲಕ್ಷದ ತನಕ ಸಾಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ಬರೆಸಬೇಕು. ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ತರಬೇತಿಗೆ ಹೋದ ದಿನ ಇಲ್ಲಿ ಜಾಗ ಹಿಡಿಯೋರು ಯಾರು ಸಾರ್?"

ಉತ್ತರ ನನ್ನ ಹತ್ತಿರ ಇರಲಿಲ್ಲ. ನಗರಪಾಲಿಕೆಯವರ ಹತ್ತಿರ ಇದ್ದರೆ ಈ ಅಂಕಣಕ್ಕೆ ಬರೆದು ಕಳಿಸಲಿ, ಅಚ್ಚು ಮಾಡುತ್ತೇವೆ.

ನಾಲ್ಕಿಂಚಿನ ಉಪಾಯ

ಅದಿರಲಿ, ಕಳಸಗಿತ್ತಿಯ ಲಂಗ ಏನಾಯಿತು?

ಕತ್ತರಿಸಿದ ರೇಷ್ಮೆ ವಾಪಸ್ಸು ಬರುವುದಿಲ್ಲ. ಕೆಳಗಡೆ ಬೇರೆ ಬಟ್ಟೆ ಕೂಡಿಸಿದರೆ ಜರಿ ಅಂಚು ನಡುವೆ ಬಂದು ನಗೆಪಾಟಲು. ಟೇಲರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಡಬ್ಬಿಯಿಂದ ಹೆಚ್ಚುಕಡಿಮೆ ಅದೇ ಬಣ್ಣದ ಹತ್ತಿ ಬಟ್ಟೆ ತೆಗೆದರು. ಲಂಗದ ಸೊಂಟದ ಪಟ್ಟಿ ಬಿಚ್ಚಿದರು. ಸೊಂಟದಿಂದ ಕೆಳಗೆ ನಾಲ್ಕು ಇಂಚು, ಹುಡುಗಿಯ ಮೈಗೆ ಹೊಂದುವ ಹಾಗೆ ಒಂದು ಸುತ್ತು ಹತ್ತಿ ಬಟ್ಟೆ. ಆ ಸುತ್ತಿನ ಕೆಳತುದಿಗೆ ರೇಷ್ಮೆಯ ನೆರಿಗೆ. ಲಂಗ ತಾನಾಗಿ ನಾಲ್ಕಿಂಚು ಕೆಳಗಿಳಿಯಿತು. ಜರಿ ಅಂಚು ಪಾದದ ಗೆಣ್ಣಿಗೆ ಬಂದು ನಿಂತಿತು. ಮೇಲಿನ ಹತ್ತಿ ಬಟ್ಟೆ ಮುಚ್ಚಬೇಕಾದರೆ ಜಂಪರು ಉದ್ದವಿರಬೇಕು.

ಜಂಪರನ್ನು ಒಳಮುಖ ಮಾಡಿ ನೋಡಿದಾಗ ಟೇಲರ ಮುಖ ಮೊದಲ ಸಲ ಅರಳಿತು. ಅದಕ್ಕೆ ಮೂರು ವರ್ಷದ ಹಿಂದೆ ಕತ್ತರಿ ಬಿದ್ದಿರಲಿಲ್ಲ, ಬರೀ ಹೊಲಿಗೆ ಹಾಕಿ ಹಿಡಿದಿದ್ದರು. ಕೆಳಗೆ ಎರಡಿಂಚಿನ ಮಡಿಕೆ ಹಾಗೇ ಇತ್ತು. "ಮೊದ್ಲು ಹೊಲಿದೋನು ಬುದ್ಧಿವಂತ. ಯಾರೋ ಹಳೇ ಟೇಲರ್ರು" ಎಂದರು. ಬದಿಯಲ್ಲಿ ಅರ್ಧರ್ಧ ಇಂಚು ಬಿಚ್ಚಿದರೆ ಹಿಂದೆ ಮುಂದೆ ಸೇರಿ ಒಂದೊಂದು ಬದಿಗೆ ಒಂದಿಂಚು, ಎದೆಸುತ್ತಳತೆಗೆ ಒಟ್ಟು ಎರಡಿಂಚು ಸಡಿಲ ಸಿಕ್ಕಿತು. ಒಳಗಿದ್ದ ರೇಷ್ಮೆ ಬಿಸಿಲು ಕಾಣದೆ ಹೊರಗಿನದಕ್ಕಿಂತ ಗಾಢವಾಗಿತ್ತು. ಕಂಕುಳ ಕೆಳಗೆ ತೆಳುವಾಗಿ ಎರಡು ಬಣ್ಣ. ಅದು ಕೈಯ ಮರೆಯಲ್ಲಿ ಹೋಗುತ್ತದೆ. ಕೆಳಗೆ ಮಡಿಕೆ ಇಳಿಸಿದ ಜಾಗದಲ್ಲಿ ಹಳೇ ಸೂಜಿಯ ತೂತುಗಳ ಸಾಲು ಕಾಣುತ್ತಿತ್ತು. ರೇಷ್ಮೆಯಲ್ಲಿ ಸೂಜಿ ಹೋದ ಜಾಗ ಹಾಗೆಲ್ಲ ಮುಚ್ಚಿಕೊಳ್ಳುವುದಿಲ್ಲ. ಆ ಸಾಲಿನ ಮೇಲೇ ಕಾಲಿಂಚಿನ ಜರಿ ಲೇಸು ಹೊಡೆದರು. ಬೇಕಂತಲೇ ಹಾಕಿಸಿದ ಹಾಗೆ ಕಂಡಿತು.

ತೋಳು ಮಾತ್ರ ಇನ್ನೂ ಬಿಗಿ. ಟೇಲರು ಕಂಕುಳ ಹೊಲಿಗೆ ಬಿಚ್ಚಿ ಅಲ್ಲಿಗೆ ಎರಡಿಂಚಿನ ಚೌಕದ ತುಂಡನ್ನು ಓರೆಯಾಗಿ ಕೂರಿಸಿದರು. ಆಮೇಲೆ ಹುಡುಗಿಯನ್ನು ಕರೆದರು.

"ಬಾರವ್ವ ಪುಟ್ಟಿ. ಕೈ ಎತ್ತು. ಈಗ ಬಗ್ಗು. ಈಗ ಆ ಸ್ಟೂಲ್ ಮ್ಯಾಲೆ ಕೂತ್ಕೋ."

ಕೂತಳು. ಜಂಪರು ಮೇಲೇರಿ ಹತ್ತಿ ಬಟ್ಟೆ ಬೆರಳಗಲ ಇಣುಕಿತು. ಟೇಲರು ಮತ್ತೆ ಮಶೀನಿಗೆ ಕೂತು, ಜಂಪರಿನ ಒಳಗೆ ಎರಡು ಬದಿಗೆ ಒಂದೊಂದು ಹುಕ್ಕು, ಲಂಗದ ಪಟ್ಟಿಗೆ ಎರಡು ದಾರದ ಕುಣಿಕೆ ಹಾಕಿದರು. ತುಸು ಸಡಿಲ ಬಿಟ್ಟೇ ಹಾಕಿದರು, ಇಲ್ಲದಿದ್ದರೆ ಕೈಯೆತ್ತಿದಾಗ ಲಂಗವೇ ಮೇಲೆ ಬರುತ್ತದೆ. ಪಕ್ಕದ ಟೀ ಅಂಗಡಿಯಿಂದ ತುಂಬಿದ ಸ್ಟೀಲಿನ ಚೊಂಬು ತರಿಸಿ ಹುಡುಗಿಯ ಕೈಗೆ ಕೊಟ್ಟರು. "ಹ್ಞಾಂ, ನಾಳೆ ಹೆಂಗೆ ಹಿಡೀತೀಯೋ ಹಂಗೆ ಹಿಡ್ಕೊಂಡು ನಿಲ್ಲು. ನಾನು ನೂರು ಎಣಿಸೋ ತನ್ಕ."

ಹುಡುಗಿ ನಿಂತಳು. ಬಸ್ಸಿಗೆ ಹೋಗುವ ಜನ, ತಳ್ಳುಗಾಡಿಯವರು, ಆಟೋ ಡ್ರೈವರ್ ಒಬ್ಬ, ಎಲ್ಲರೂ ನಿಂತು ನೋಡಿದರು. ನೂರು ಎಣಿಸಿ ಮುಗಿಯುವ ತನಕ ತೋಳು ಎಳೆಯಲಿಲ್ಲ, ಲಂಗ ಜಾರಲಿಲ್ಲ, ಹತ್ತಿ ಬಟ್ಟೆ ಕಾಣಲಿಲ್ಲ.

"ಎಷ್ಟಾತಣ್ಣ?"

"ಇನ್ನೂರ ಐವತ್ತು ಕೊಡ್ರಿ."

"ಇನ್ನೂರ ಐವತ್ತಾ!" ಎಂದವರು ಮಗಳ ಕಡೆ ಒಮ್ಮೆ ನೋಡಿ, ಪರ್ಸಿನಿಂದ ಎಣಿಸಿ ಕೊಟ್ಟರು. ಎಂಟೂವರೆ ಬಸ್ಸಿಗೆ ಹೊತ್ತಾಗುತ್ತಿತ್ತು. ಟೇಲರು ಲಂಗವನ್ನು ಮಡಿಸುವಾಗ, ಜರಿಯ ಮೇಲೆ ಇಸ್ತ್ರಿ ನೇರ ಇಡಬಾರದು, ಮೇಲೊಂದು ತೆಳು ಪಂಚೆ ಹಾಕಿಕೊಂಡು ಒತ್ತಬೇಕು ಎಂದು ಎರಡು ಸಲ ಹೇಳಿದರು. ಆಮೇಲೆ ಉಳಿದಿದ್ದ ಹತ್ತಿ ಬಟ್ಟೆಯ ತುಂಡು, ಗೇಣುದ್ದದ ಲೇಸು ಎರಡನ್ನೂ ಸುತ್ತಿ ಅದೇ ಚೀಲಕ್ಕೆ ಹಾಕಿದರು.

"ಇದನ್ನ ಗೊಂಬೆಗೆ ಕೊಡಬ್ಯಾಡ್ರಿ. ಮುಂದಿನ ವರ್ಷ ಬೇಕಾಗ್ತೈತಿ."

ನನ್ನ ಜಿಪ್ಪು? "ಸೋಮವಾರ ಬರ್ರಿ ಸಾರ್" ಅಂದರು.